ಹನ್ನೊಂದವ್ವನ ಗುಡ್ಡ

ತೊಂಡಿಗೇರಿಯಿಂದ ಮೂಡಲಕ್ಕೆ ಒಂದು ಹರದಾರಿ ನಡೆದರೆ ಎರೆಹೊಲಗಳ ನಡುವೆ ಬೂದುಬಣ್ಣದ ಗುಡ್ಡವೊಂದು ಎದುರಾಗುತ್ತದೆ. ಎತ್ತರವೇನೂ ಇಲ್ಲ, ಮಲಗಿದ ಎಮ್ಮೆಯ ಹಾಗೆ ತಗ್ಗಾಗಿದೆ. ಅದರ ತೆಂಕಣ ಮಗ್ಗುಲಲ್ಲಿ ಬಾಗಿ ಒಳಹೋಗಬೇಕಾದ ಚಿಕ್ಕ ಗುಡಿ. ಒಳಗೆ ಮೂರ್ತಿಯಿಲ್ಲ, ಲಿಂಗವಿಲ್ಲ. ಹಿಂಗೋಡೆಯಿರಬೇಕಾದ ಕಡೆ ಒಂದು ಚಪ್ಪಡಿಗಲ್ಲು ಗವಿಯ ಬಾಯಿಗೆ ಅಡ್ಡಲಾಗಿ ಕೂತಿದೆ. ಅದರ ಮುಂದೆ ನೆಲಕ್ಕೆ ನಾಟಿದ ಕಬ್ಬಿಣದ ಹಾರೆ, ಅದರ ಬುಡದಲ್ಲಿ ಬಳಪದ ಚೂರುಗಳ ರಾಶಿ. ಬೇರೆ ಊರಿನಿಂದ ಬಂದವರು ಹಣ್ಣು ಕಾಯಿ ಹಿಡಿದು ಬಂದರೆ ಪೂಜಾರಿ ಕೈ ಮುಗಿದು, ಇಲ್ಲಿ ಅವೆಲ್ಲ ಬೇಡ, ಒಂದು ಚೂರು ಬಳಪ ಇಟ್ಟು ಹೋಗಿ ಎನ್ನುತ್ತಾನೆ. ಸುತ್ತಿನ ಹಳ್ಳಿಗಳಲ್ಲಿ ಮಗುವನ್ನು ಮೊದಲ ಸಲ ಶಾಲೆಗೆ ಕಳಿಸುವ ಮುನ್ನ ತಾಯಂದಿರು ಇಲ್ಲಿಗೆ ಕರೆತರುತ್ತಾರೆ. ಈ ಗುಡಿಯ ಅವ್ವನ ಹೆಸರೇ ಒಂದು ಎಣಿಕೆ, ಹನ್ನೊಂದವ್ವ. ಆ ಎಣಿಕೆ ಬಂದದ್ದು ಹೇಗೆಂದು ಹಿರಿಯರು ಹೇಳುವಾಗ ಇಂದಿಗೂ ದನಿ ತಗ್ಗಿಸುತ್ತಾರೆ.

ಹಿಂದೆ ಒಮ್ಮೆ, ಊರಿಗೆ ಸರಕಾರದ ಶಾಲೆ ಬರುವುದಕ್ಕೆ ಬಹಳ ಮುಂಚೆ, ಮಠದ ಪಡಸಾಲೆಯಲ್ಲಿ ರಾಚಯ್ಯನೆಂಬ ಐಗಳು ಹತ್ತು ಹುಡುಗರಿಗೆ ಅಕ್ಷರ ಹೇಳಿಕೊಡುತ್ತಿದ್ದರು. ಶಿವನನ್ನು ನೆನೆಯದೆ ನೀರು ಕುಡಿದವರಲ್ಲ, ಹುಡುಗರ ಮೇಲೆ ಬೆತ್ತ ಎತ್ತಿದವರಲ್ಲ. ನಡುವಯಸ್ಸಿಗೇ ಅವರ ಎರಡೂ ಕಣ್ಣಿಗೆ ಪೊರೆ ಬಂದು, ಮುಂದೆ ಕೂತವರು ಬರಿಯ ನೆರಳಾಗಿ ಕಾಣುತ್ತಿದ್ದರು. ಹಾಗಾಗಿ ಅವರ ಪಾಠದ ರೀತಿಯೇ ಬೇರೆ. ಎಲೆ ಮೂಸಿ ಗಿಡ ಗುರುತಿಸುವುದು, ಕಾಳು ಮುಟ್ಟಿ ಜಾತಿ ಹೇಳುವುದು, ಅಂಗಳದಲ್ಲಿ ನಿಂತು ತಮ್ಮ ನೆರಳನ್ನು ಹೆಜ್ಜೆಯಿಂದ ಅಳೆದು ಹೊತ್ತು ಲೆಕ್ಕಹಾಕುವುದು. ಹಾಜರಿಗೆ ಅವರು ಹೆಸರು ಕೂಗುತ್ತಿರಲಿಲ್ಲ. ಎರಡರ ಮಗ್ಗಿಯನ್ನು ಹತ್ತು ಹುಡುಗರಿಗೂ ಒಂದೊಂದು ಸಾಲಾಗಿ ಹಂಚಿಕೊಟ್ಟಿದ್ದರು. ಬೆಳಿಗ್ಗೆ ಅವರು “ಹಾಜರಿ” ಎಂದರೆ ಮೊದಲನೆಯವನು “ಎರಡೊಂದ್ಲೆ ಎರಡು” ಎನ್ನಬೇಕು, ಎರಡನೆಯವನು “ಎರಡೆರಡ್ಲೆ ನಾಕು” ಎನ್ನಬೇಕು. ಸಾಲು ಎಲ್ಲಿ ಕಡಿಯಿತೋ ಅಲ್ಲಿನ ಹುಡುಗ ಬಂದಿಲ್ಲವೆಂದು ಅರ್ಥ. ತನ್ನ ಸರದಿ ಬರುವತನಕ ಯಾರೂ ತುಟಿ ಬಿಚ್ಚಕೂಡದು. ಅದೊಂದೇ ಅವರ ಶಾಲೆಯ ಕಟ್ಟಳೆ. ಹತ್ತು ದನಿಗಳೂ ಅವರಿಗೆ ತಮ್ಮ ಹತ್ತು ಬೆರಳಿನಷ್ಟು ಗುರುತು.

ಊರ ಹೊರಗೆ ಕಲ್ಲು ಒಡೆಯುವವರ ಗುಡಿಸಲುಗಳಿದ್ದವು. ಅಲ್ಲಿನ ಹುಲಿಗೆವ್ವ, ಮೂರು ಕೂಸು ತೀರಿಕೊಂಡ ಮೇಲೆ ಹುಟ್ಟಿದ ಮಗಳನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪವ್ವ ಎಂದು ಹೆಸರಿಟ್ಟಿದ್ದಳು. ಬೇಡದ ವಸ್ತುವೆಂದು ಸಾವು ಮುಟ್ಟದೆ ಹೋಗಲಿ ಎಂಬ ಆಸೆ. ಎಂಟು ವರ್ಷದ ತಿಪ್ಪವ್ವ ದಿನಾ ಮಠದ ಕಂಬದ ಹಿಂದೆ ಬಂದು ಕೂರುತ್ತಿದ್ದಳು. ರಾಚಯ್ಯನವರು ಓಡಿಸಲಿಲ್ಲ, ಒಳಗೆ ಕರೆಯಲೂ ಇಲ್ಲ. ಊರಿನವರು ಏನೆಂದಾರೋ ಎಂಬ ಅಳುಕು. ಒಂದು ದಿನ ಏಳನೆಯ ಸಾಲಿನ ಹುಡುಗ ಬಂದಿರಲಿಲ್ಲ. ಮಗ್ಗಿ ಅಲ್ಲಿಗೆ ನಿಂತೊಡನೆ ಕಂಬದ ಹಿಂದಿನಿಂದ “ಎರಡೇಳ್ಲೆ ಹದಿನಾಕು” ಎಂದು ಕೇಳಿಬಂತು. ಹುಡುಗರು ಬಿದ್ದು ಬಿದ್ದು ನಕ್ಕರು.

“ಅದು ನಿನ್ನ ಸಾಲಲ್ಲ ಬೇ ತಂಗಿ,” ಎಂದರು ರಾಚಯ್ಯ, ಮೆಲ್ಲಗೆ. “ಮಗ್ಗಿ ಹತ್ತಕ್ಕ ಮುಗೀತೈತಿ. ಹತ್ತೂ ಹಂಚಿ ಹೋಗ್ಯಾವ.”

“ಹತ್ತ ಆದಮ್ಯಾಗ ಎಣಿಸಾಕ ಬರೂದಿಲ್ಲೇನ್ರಿ ಅಯ್ನೋರ?”

ಹುಡುಗರು ಮತ್ತೆ ನಕ್ಕರು. ರಾಚಯ್ಯನವರೂ ನಕ್ಕುಬಿಟ್ಟರು. ಮುಂದಿನ ಪಾಠ ಹಿಡಿದರು.

ಪ್ರತಿವರ್ಷ ಮಹಾನವಮಿಯ ಬೆಳಿಗ್ಗೆ ಹುಡುಗರನ್ನು ಈ ಗುಡ್ಡಕ್ಕೆ ಕರೆದೊಯ್ಯುವುದು ಆ ಸಾಲಿಯ ಪದ್ಧತಿ. ಗುಡ್ಡದೊಳಗಿರುವುದು ಮೆತ್ತನೆಯ ಬಳಪದ ಕಲ್ಲು. ತಲೆಮಾರುಗಳಿಂದ ಹುಡುಗರೇ ಕೆರೆದು ಕೆರೆದು ಮಾಡಿದ ಗವಿ, ದೊಡ್ಡವರ ಹೆಗಲು ಹಿಡಿಯದಷ್ಟು ಇಕ್ಕಟ್ಟು. ವರ್ಷಕ್ಕೆ ಬೇಕಾದ ಬಳಪವನ್ನು ಪ್ರತಿಯೊಬ್ಬನೂ ತನ್ನ ಕೈಯಾರೆ ಅಗೆದು ತಂದು ಹಲಗೆಯ ಜೊತೆ ಪೂಜೆಗಿಡಬೇಕು. ತಾನೇ ಅಗೆದ ಬಳಪದಿಂದ ಬರೆದ ಅಕ್ಷರ ತಲೆಯಿಂದ ಅಳಿಯುವುದಿಲ್ಲವೆಂದು ನಂಬಿಕೆ. ಆ ವರ್ಷ ಹಸ್ತಾ ಮಳೆ ಐದು ದಿನ ಬಿಡದೆ ಹೊಡೆದಿತ್ತು. ನವಮಿಯ ಹಿಂದಿನ ಸಂಜೆ ಹುಲಿಗೆವ್ವ ಮಠದ ಮೆಟ್ಟಿಲ ಕೆಳಗೆ ನಿಂತು ಹೇಳಿದಳು: “ಗುಡ್ಡ ನೀರ ಕುಡದೈತ್ರಿ ಅಯ್ನೋರ. ಬಡದ್ರ ಠಣ್ ಅನ್ನೂ ಕಲ್ಲು ಈಗ ಡಬ್ ಅಂತೈತಿ. ನಾಕ ದಿನ ಬಿಸಲ ಬೀಳ್ಲಿ, ಆಮ್ಯಾಲ ಕರಕೊಂಡ ಹೋಗ್ರಿ.”

“ನವಮಿ ತಪ್ಪಿಸಾಕ ಬರೂದಿಲ್ಲವ್ವ,” ಎಂದರು ರಾಚಯ್ಯ. “ಸಾಲಿ ಮಕ್ಕಳು. ಶಿವ ಕಾಯ್ತಾನ.”

ಮುಂದೆ ಬಹುಕಾಲ ಅವರು ಈ ಮಾತನ್ನು ನೆನೆನೆನೆದು ಹಣೆ ಗಟ್ಟಿಸಿಕೊಳ್ಳುತ್ತಿದ್ದರಂತೆ. ಶಿವ ಕಾಯುವವನೇ ಸರಿ, ಎಚ್ಚರಿಕೆ ಹೇಳಲು ಅವನೇ ಹುಲಿಗೆವ್ವನನ್ನು ಮೆಟ್ಟಿಲಿಗೆ ಕಳಿಸಿದ್ದ, ನಾನು ಅವನನ್ನೇ ತಿರುಗಿಸಿ ಕಳಿಸಿದೆ ಎನ್ನುತ್ತಿದ್ದರಂತೆ.

ಬೆಳಿಗ್ಗೆ ಹುಡುಗರು ಹೆಜ್ಜೆ ಎಣಿಸುತ್ತ, ತುಂಬೆ ತಂಗಡಿಗಳ ಎಲೆ ಮುರಿದು ಐಗಳ ಮೂಗಿಗೆ ಹಿಡಿಯುತ್ತ ಗುಡ್ಡಕ್ಕೆ ಬಂದರು. ಗವಿಯ ಬಾಯಲ್ಲಿ ಹಾಜರಿ ಆಯಿತು. ಹತ್ತು ಸಾಲೂ ಸರಿಯಾಗಿ ಬಂದವು. ಒಬ್ಬರ ಹಿಂದೆ ಒಬ್ಬರು ಒಳಗೆ ತೆವಳಿದರು. ತಿಪ್ಪವ್ವ ಅವರಿಗಿಂತ ಮೊದಲೇ ಬಂದು ಗವಿಯ ಕಟ್ಟಕಡೆಗೆ ಅಡಗಿ ತನ್ನದೊಂದು ಬಳಪ ಕೆರೆಯುತ್ತಿದ್ದಳೆಂಬುದು ಯಾರಿಗೂ ತಿಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಮೂಟೆ ಬಿದ್ದಂಥ ಸದ್ದಾಯಿತು. ಅದರ ಹಿಂದೆಯೇ ಮೇಲಿನ ಮಣ್ಣುಕಲ್ಲು ಜಾರಿ ಗವಿಯ ಬಾಯಿ ಮುಚ್ಚಿಕೊಂಡಿತು. ರಾಚಯ್ಯನವರು ಎರಡೂ ಕೈಯಿಂದ ಮಣ್ಣು ತೋಡುತ್ತ ಕೂಗಿದ ಕೂಗು ಹೊಲದಲ್ಲಿದ್ದವರಿಗೆ ಮುಟ್ಟಿ, ಅವರಿಂದ ಊರಿಗೆ ಮುಟ್ಟಿತು.

ಗುದ್ದಲಿ ಹಿಡಿದು ಜನ ಓಡಿಬಂದರು. ಹುಲಿಗೆವ್ವ ಹಾರೆ ತಂದಳು. ಗವಿಬಾಯಿಯ ಮೇಲಿನ ಚಪ್ಪಡಿ ಬಿರುಕುಬಿಟ್ಟು ತೂಗುತ್ತಿತ್ತು. ಅವಳು ಹಾರೆಯನ್ನು ಅದರಡಿಗೆ ಕೊಟ್ಟು, ಬುಡವನ್ನು ಬಂಡೆಗೆ ಊರಿ, ಮೈಭಾರವೆಲ್ಲ ಹಾಕಿ ಹಿಡಿದು ನಿಂತಳು. “ನಾ ಹಿಡದಿರತೀನಿ, ನೀವು ಅಗೀರಿ. ಸದ್ದ ಕಡಿಮಿ ಮಾಡ್ರಿ,” ಎಂದಳು. ಮೇಲಿನಿಂದ ಇನ್ನೂ ಮಣ್ಣು ಉದುರುತ್ತಿತ್ತು. ಇಬ್ಬರು ಗುದ್ದಲಿ ಬಿಟ್ಟು ಹಿಂದೆ ಸರಿದರು. ಊರ ಗೌಡ ವೀರನಗೌಡ ಕೇಳಿದ: “ಒಳಗ ಜೀವ ಎಷ್ಟ ಅದಾವ್ರಿ ಅಯ್ನೋರ? ಇಲ್ಲದ ಜೀವಕ್ಕ ಇರೂ ಜೀವ ಕಳಕೊಳ್ಳೂದು ಬ್ಯಾಡ.”

ರಾಚಯ್ಯನವರು ಸಂದಿಗೆ ಬಾಯಿಟ್ಟು “ಹಾಜರಿ” ಎಂದರು. ಒಳಗಿನಿಂದ ಮಣ್ಣು ಮುಕ್ಕಿದ ದನಿಗಳು ಒಂದೊಂದಾಗಿ ಬಂದವು. ಎರಡೊಂದ್ಲೆ ಎರಡು. ಎರಡೆರಡ್ಲೆ ನಾಕು. ಎರಡ್ಮೂರ್ಲೆ ಆರು. ಎಲ್ಲೂ ಕಡಿಯದೆ ಎರಡ್ಹತ್ಲೆ ಇಪ್ಪತ್ತರವರೆಗೆ ಬಂತು. ಮೂರನೆಯ ಸಾಲು ಗೌಡನ ಮೊಮ್ಮಗ ಬಸಲಿಂಗನದು. ಗೌಡ ತಲೆಯ ಪಟಕಾ ಬಿಚ್ಚಿ ಎಸೆದು ತಾನೇ ಗುದ್ದಲಿ ಹಿಡಿದ. “ಹತ್ತೂ ಅದಾವ! ಅಗೀರಲೇ, ಹಿಂದ ಸರದಾವ ನಮ್ಮೂರವನಲ್ಲ!”

ರಾಚಯ್ಯನವರು ಮಾತ್ರ ಸಂದಿಯಿಂದ ಕಿವಿ ತೆಗೆಯಲಿಲ್ಲ. ಮೂರನೆಯ ಸಾಲು ಹೇಳಿದ ದನಿಯೇ ಆರನೆಯದನ್ನೂ ಹೇಳಿತ್ತು, ಒಂಬತ್ತನೆಯದನ್ನೂ ಹೇಳಿತ್ತು. ಮಣ್ಣಿನಾಚೆಯಿಂದ ಕೇಳುವ ಬೇರೆಯವರಿಗೆ, ಹೆತ್ತವರಿಗೂ, ಎಲ್ಲವೂ ಮಕ್ಕಳ ದನಿ. ಅವರಿಗೆ ಅದು ಕಂಬದ ಹಿಂದಿನ ದನಿ. ಮೂವರು ಹೋಗಿದ್ದಾರೆ, ಅವರ ಸಾಲು ಖಾಲಿ ಬಿದ್ದಾಗ ಆ ಹುಡುಗಿ ತುಂಬುತ್ತಿದ್ದಾಳೆ. ಹೇಳಿದರೆ ಗೌಡನ ಕೈಯಿಂದ ಗುದ್ದಲಿ ಬೀಳುತ್ತದೆ, ಜನ ಚದುರುತ್ತಾರೆ, ಬದುಕಿರುವ ಏಳು ಹುಡುಗರೂ ಆ ಹುಡುಗಿಯೂ ಮಣ್ಣುಪಾಲು. ಪಕ್ಕದಲ್ಲೇ ಹಾರೆ ಹಿಡಿದು ಏದುಸಿರು ಬಿಡುತ್ತಿದ್ದ ಹುಲಿಗೆವ್ವನಿಗೆ ಹೇಳಿದರೆ ಅವಳು ಹಾರೆ ಬಿಟ್ಟು ಒಳನುಗ್ಗುತ್ತಾಳೆ, ಚಪ್ಪಡಿ ಕೂರುತ್ತದೆ. ಮಗಳು ಗುಡಿಸಲಲ್ಲಿ ಒಲೆ ಕಾಯುತ್ತಿದ್ದಾಳೆಂದೇ ಅವಳ ತಿಳಿವಳಿಕೆ. ಹತ್ತನೆಯವನು ಹೊರಗೆ ಬರಲಿ, ಆಗ ಹೇಳುತ್ತೇನೆ ಎಂದು ಅವರು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ತುಟಿಯಲ್ಲಿ ಪಂಚಾಕ್ಷರಿ ಓಡುತ್ತಿತ್ತು. ನಡುನಡುವೆ ಗೌಡ ಮತ್ತೆ ಹಾಜರಿ ಕೇಳಿಸಿದ. ಪ್ರತಿಸಲವೂ ಹತ್ತು ಸಾಲು ಪೂರ್ತಿ ಬಂದವು.

ಹೊತ್ತು ನೆತ್ತಿ ದಾಟಿದ ಮೇಲೆ ದಾರಿಯಾಯಿತು. ಸಣಕಲು ಆಳೊಬ್ಬ ತೆವಳಿ ಒಳಹೋಗಿ ಒಬ್ಬೊಬ್ಬರನ್ನೇ ಎಳೆದು ತಂದ. ಗೌಡ ಗಟ್ಟಿಯಾಗಿ ಎಣಿಸತೊಡಗಿದ. ಏಳರವರೆಗೆ ಬಂದವರು ಅಳುತ್ತ ಬಂದರು. ಎಂಟನೆಯವನು ಅಳಲಿಲ್ಲ. ಒಂಬತ್ತನೆಯವನು ಅಳಲಿಲ್ಲ. ಹತ್ತನೆಯದಾಗಿ ಬಸಲಿಂಗನನ್ನು ತಂದು ಅಜ್ಜನ ಕೈಗೆ ಕೊಟ್ಟರು. ಕೂಸಿನ ಮೈ ಯಾವಾಗಲೋ ತಣ್ಣಗಾಗಿತ್ತು. “ಈಗಿನ್ನ ಸಾಲ ಹೇಳಿದ್ನಲ್ರೋ,” ಎಂದು ಗೌಡ ಸುತ್ತಲೂ ನೋಡಿದ. ಕಲ್ಲಿನ ಮರೆಯಲ್ಲಿ ಇನ್ನೇನಿದೆಯೋ ಒಳಹೋದವನಿಗೆ ಕಂಡಿರಲಿಲ್ಲ. ತಾಯಂದಿರ ರೋದನ ಎದ್ದಿತು. ಅದರ ನಡುವೆ ಗೌಡ ಒಡೆದ ದನಿಯಲ್ಲಿ ಎಣಿಕೆ ಮುಗಿಸಿದ: “ಹತ್ತು. ಹತ್ತೂ ಆತು. ಹಾರಿ ತಗಿ ಹುಲಿಗೆವ್ವ, ದೂರ ಸರಿ.”

ರಾಚಯ್ಯನವರು ಬಾಯಿ ತೆರೆದರು. ಬೆಳಗಿನಿಂದ ಒಣಗಿದ ನಾಲಗೆ ಒಂದು ಗಳಿಗೆ ಅಂಗುಳಕ್ಕೆ ಅಂಟಿಕೊಂಡಿತು. ಆ ಒಂದು ಗಳಿಗೆಯಲ್ಲಿ ಹುಲಿಗೆವ್ವ ಹಾರೆ ಎಳೆದಳು. ಹಾರೆ ಕಲ್ಲಿನಿಂದ ಜಾರುತ್ತಿದ್ದಂತೆಯೇ, ಹತ್ತರ ಎಣಿಕೆ ಮುಗಿಯುವುದನ್ನೇ ಕಾದಿದ್ದ ದನಿಯೊಂದು, ಸರದಿ ಬರುವತನಕ ತುಟಿ ಬಿಚ್ಚದ ದನಿ, ಒಳಗಿನಿಂದ ಸ್ಪಷ್ಟವಾಗಿ ಹೇಳಿತು:

“ಎರಡ್ಹನ್ನೊಂದ್ಲೆ ಇಪ್ಪತ್ತೆರಡು.”

ಚಪ್ಪಡಿ ಕೂತಿತು. ಅದರ ಮೇಲೆ ಗುಡ್ಡದ ಅರ್ಧ ಮಗ್ಗುಲು ಇಳಿಯಿತು.

ಹುಲಿಗೆವ್ವ ಮೂರು ದಿನ ಅಗೆದಳು. ಗೌಡನೂ ಅಗೆದ, ಊರೂ ಅಗೆಯಿತು. ಚಪ್ಪಡಿಯ ಮುಖ ಕಂಡಿತೇ ಹೊರತು ಅದು ಜರುಗಲಿಲ್ಲ. ಬದುಕಿ ಬಂದ ಹುಡುಗರು, ಕತ್ತಲಲ್ಲಿ ಕಲ್ಲಿನ ಸಂದಿಯಿಂದ ಯಾರೋ ನಮ್ಮ ಕೈ ಹಿಡಿದು, ನಿಮ್ಮ ಸಾಲು ಮರೀಬ್ಯಾಡ್ರಿ, ಅಯ್ನೋರು ಕೇಳ್ತಾರ ಎನ್ನುತ್ತಿದ್ದರು ಎಂದರು. ಮೂರನೆಯ ದಿನ ಸಂಜೆ ಹುಲಿಗೆವ್ವ ರಾಚಯ್ಯನವರ ಮುಂದೆ ಬಂದು ನಿಂತಳು.

“ನಿಮಗ ಗೊತ್ತಿತ್ತೇನ್ರಿ ಅಯ್ನೋರ?”

“ಗೊತ್ತಿತ್ತವ್ವ.”

“ಯಾವಾಗಿಂದ?”

“ಮೊದಲನೇ ಹಾಜರಿಯಿಂದ.”

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಹಾರೆಯನ್ನು ಚಪ್ಪಡಿಯ ಮುಂದೆ ನೆಲಕ್ಕೆ ನಾಟಿ, ಆ ಊರಿನ ನೀರು ಮುಟ್ಟದೆ ಹೊರಟುಹೋದಳು. ಎಲ್ಲಿಗೆ ಹೋದಳೆಂದು ಯಾರೂ ಬಲ್ಲವರಿಲ್ಲ. ರಾಚಯ್ಯನವರು ಮಠದ ಪಡಸಾಲೆ ಬಿಟ್ಟು ಆ ಹಾರೆಯ ಬಳಿಗೇ ಸಾಲಿ ತಂದರು. ಯಾರ ಮಕ್ಕಳು ಬಂದರೂ, ಗಂಡಾಗಲಿ ಹೆಣ್ಣಾಗಲಿ, ಒಂದು ಸಾಲು ಕೊಟ್ಟು ಕೂರಿಸಿದರು. ಹನ್ನೊಂದನೆಯದನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಸಾಯುವ ದಿನದವರೆಗೂ ಬೆಳಿಗ್ಗೆ ಹತ್ತು ಸಾಲಾದ ಮೇಲೆ ಚಪ್ಪಡಿಗೆ ಕಿವಿಯಿಟ್ಟು ಸುಮ್ಮನೆ ಕೂರುತ್ತಿದ್ದರು. ಶಿವ ತನಗೆ ಕಣ್ಣು ಕಿತ್ತುಕೊಂಡು ಕಿವಿ ಕೊಟ್ಟದ್ದೇ ಇದಕ್ಕೆ ಎನ್ನುತ್ತಿದ್ದರಂತೆ. ಏನಾದರೂ ಕೇಳಿಸಿತೇ ಎಂದವರ ಕೈಗೆ ಒಂದು ಚೂರು ಬಳಪ ಕೊಟ್ಟು ಕಳಿಸುತ್ತಿದ್ದರು.

ಈಗಲೂ ನವಮಿಯ ಬೆಳಿಗ್ಗೆ ತೊಂಡಿಗೇರಿಯ ಪ್ರಾಥಮಿಕ ಶಾಲೆಯ ಮಕ್ಕಳು ಬಾಟಲಿ ನೀರು, ಬುತ್ತಿಗಂಟು ಹಿಡಿದು ಸಾಲಾಗಿ ಗುಡ್ಡಕ್ಕೆ ಬರುತ್ತಾರೆ. ದಾರಿಯಲ್ಲಿ ಎಲೆ ಆರಿಸಿ ಪುಸ್ತಕದೊಳಗೆ ಇಡುತ್ತಾರೆ, ಬಯಲಲ್ಲಿ ನಿಂತು ನೆರಳು ಅಳೆಯುತ್ತಾರೆ. ಗುಡ್ಡಕ್ಕೆ ಯಾರೂ ಗುದ್ದಲಿ ಹಾಕುವುದಿಲ್ಲ. ಅಂಗಡಿಯ ಬಳಪವನ್ನೇ ಮುರಿದು ಅರ್ಧವನ್ನು ಹಾರೆಯ ಬುಡದಲ್ಲಿಟ್ಟು ಎರಡರ ಮಗ್ಗಿ ಹೇಳುತ್ತಾರೆ. ಬೇರೆ ಊರುಗಳಲ್ಲಿ ಹತ್ತಕ್ಕೆ ಮುಗಿಯುವ ಮಗ್ಗಿ ಇಲ್ಲಿ ಮುಗಿಯುವುದಿಲ್ಲ. ಎರಡ್ಹತ್ಲೆ ಇಪ್ಪತ್ತು ಎಂದ ಮೇಲೆ ಇಡೀ ತರಗತಿ ಬಾಯಿ ಮುಚ್ಚಿ, ಚಪ್ಪಡಿಯತ್ತ ತಿರುಗಿ, ಒಂದು ಉಸಿರಿನಷ್ಟು ಹೊತ್ತು ಕಾಯುತ್ತದೆ.