ಮಿಸಾವೊ ಬರೆದ ನೆರಳು

ತುಂಬಾ ಹಿಂದೆ, ಯಾವ ಕಾಲ ಅಂತ ಹೇಳುವವರು ಈಗ ಯಾರೂ ಉಳಿದಿಲ್ಲ, ಜಪಾನು ದೇಶದ ಕಡಲಂಚಿನಲ್ಲಿ ಉರಾನೊ ಅಂತ ಒಂದು ಊರಿತ್ತಂತೆ. ಆ ಊರಲ್ಲಿ ಮಿಸಾವೊ ಅನ್ನುವ ಚಿತ್ರಗಾರ್ತಿ ಇದ್ದಳಂತೆ. ಅಪ್ಪನಿಂದ ಮಸಿ ಕುಂಚದ ಕೆಲಸ ಕಲಿತಳು. ಆಮೇಲೆ ಹಡಗು ಹತ್ತಿ ಯುರೋಪಿಗೆ ಹೋಗಿ ಎಣ್ಣೆ ಬಣ್ಣದ ಕೆಲಸ ಕಲಿತಳು. ಅಪ್ಪನ ಚಿತ್ರದಲ್ಲಿ ಅರ್ಧ ಕಾಗದ ಖಾಲಿ ಇರುತ್ತಿತ್ತು, ನೆರಳು ಅನ್ನುವುದೇ ಇರಲಿಲ್ಲ. ಆಚೆ ದೇಶದವರ ಚಿತ್ರದಲ್ಲಿ ಖಾಲಿ ಜಾಗವೇ ಇಲ್ಲ, ಎಲ್ಲದಕ್ಕೂ ನೆರಳು.

ಇವಳು ಊರಿಗೆ ಬಂದು ಎರಡನ್ನೂ ಕೂಡಿಸಿದಳಂತೆ. ಮಸಿಯ ಗೆರೆಯಲ್ಲಿ ಒಂದು ಕೊಕ್ಕರೆ ಬರೆದು ಅದರ ಕಾಲ ಕೆಳಗೆ ಎಣ್ಣೆ ಬಣ್ಣದ ನೆರಳು ಹಾಕಿದಳು. ನೋಡಲು ಬಂದ ಬೆಸ್ತರು, ಹಕ್ಕಿ ಚೆನ್ನಾಗಿದೆ ತಾಯಿ, ಕೆಳಗೆ ಕೊಳೆಯಾಗಿದೆ, ಒರೆಸಿಬಿಡು ಅಂದರಂತೆ. ಅವಳು ಒರೆಸಲಿಲ್ಲ. ಹಟಮಾರಿ ಹೆಂಗಸು ಅಂತ ಹೆಸರಾಯಿತು.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಕಡಲಿಗೆ ಹೋದವನು ಮೂರನೇ ವರ್ಷದ ಹಿರಿಯರ ಹಬ್ಬಕ್ಕೂ ಬರದೇ ಹೋದರೆ ಅವನ ಚಿತ್ರ ಬರೆಸಿ ಗುಡಿಯಲ್ಲಿ ತೂಗುಹಾಕಬೇಕು. ಸತ್ತವರಿಗೆ ಕಾಲಿರುವುದಿಲ್ಲ ಅಂತ ಅವರ ನಂಬಿಕೆ. ಹಾಗಾಗಿ ಆ ಚಿತ್ರಕ್ಕೆ ಕಾಲು ಬರೆಯಬಾರದು. ಚಿತ್ರ ತೂಗುಹಾಕದಿದ್ದರೆ ಆ ಜೀವ ನೆಲೆ ಇಲ್ಲದೆ ದೋಣಿಗಳಿಗೆ ಜೋತುಬಿದ್ದು ಅವನ್ನು ಮಗುಚುತ್ತದೆ ಅನ್ನುತ್ತಿದ್ದರು.

ತೊಮೆ ಅನ್ನುವ ವಿಧವೆಯ ಒಬ್ಬನೇ ಮಗ ಇಸಾಕು ಹಾಗೆ ಹೋದವನು ಬರಲಿಲ್ಲ. ಹೆಣ ಸಿಗಲಿಲ್ಲ, ದೋಣಿಯ ಹಲಗೆಯೂ ಸಿಗಲಿಲ್ಲ. ಮೂರನೇ ವರ್ಷ ಬಂತು. ಆ ವರ್ಷವೇ ಎರಡು ದೋಣಿ ಮಗುಚಿದವು, ಬೆಸ್ತರು ಹೆದರಿ ಕಡಲಿಗೆ ಇಳಿಯುವುದನ್ನೇ ಬಿಟ್ಟರು. ಮನೆಮನೆಯಲ್ಲೂ ಒಲೆ ತಣ್ಣಗಾಯಿತು. ಊರ ಹಿರಿಯ ಕಿಹಾಚಿ ಮಿಸಾವೊಳನ್ನು ಕರೆಸಿ, ಇಸಾಕುವಿನ ಚಿತ್ರ ಬರಿ, ಕಾಲು ಮಾತ್ರ ಬೇಡ ಅಂದನಂತೆ.

ಮಾರನೆಯ ದಿನ ತೊಮೆಯೂ ಬಂದಳಂತೆ.

"ಮಗಳೇ, ನನ್ನ ಮಗನಿಗೆ ಕಾಲು ಬರಿಯಮ್ಮ. ಕಾಲಿಲ್ಲದೆ ಅವನು ಮನೆಗೆ ನಡೆದು ಬರೋದಾದರೂ ಹೇಗೆ?" ಅಂದಳಂತೆ.

ಕಾಲು ಬರೆದರೆ ಊರು ಉಪವಾಸ ಬೀಳುತ್ತದೆ, ಬರೆಯದಿದ್ದರೆ ತಾಯಿಯ ಕಣ್ಣೆದುರೇ ಮಗನನ್ನು ಸಾಯಿಸಿದ ಹಾಗೆ. ಮಿಸಾವೊಗೆ ಕುಂಚ ಹಿಡಿಯಲು ಆಗಲಿಲ್ಲ. ಅವಳು ತೊಮೆಯ ಮನೆಗೆ ಹೋಗಿ ಸುಮ್ಮನೆ ಕೂರುತ್ತಿದ್ದಳಂತೆ. ಒಂದು ಸಂಜೆ ತೊಮೆ ಬಾಗಿಲಿಗೆ ಬೆನ್ನು ಹಾಕಿ ಸೊಪ್ಪು ಸೋಸುತ್ತಿದ್ದಳು. ಚಿತ್ರ ಎಲ್ಲಿಗೆ ಬಂತು ಅಂತ ಕೇಳಲು ಕಿಹಾಚಿ ಬಂದು ಹೊಸ್ತಿಲಾಚೆ ನಿಂತ. ಇಳಿಬಿಸಿಲಿಗೆ ಅವನ ನೆರಳು ಅವನಿಗಿಂತ ಮೊದಲೇ ಒಳಗೆ ಬಂತು. ತೊಮೆ ಸೊಪ್ಪು ಚೆಲ್ಲಿ ಎದ್ದು, "ಬಂದೆಯೇನೋ?" ಅಂತ ತಿರುಗಿದಳು. ನಿಂತಿದ್ದವನು ಯಾರು ಅಂತ ಕಂಡ ಮೇಲೆ ಮತ್ತೆ ಕೂತು ಸೊಪ್ಪು ಆರಿಸಿಕೊಂಡಳು. ಕಿಹಾಚಿಗೆ ಬಂದ ಕೆಲಸವೇ ಮರೆತುಹೋಯಿತಂತೆ. ಮಿಸಾವೊ ಎದ್ದು ಮನೆಗೆ ಹೋಗಿ ಚಿತ್ರ ಶುರುಮಾಡಿದಳು.

ಹಬ್ಬದ ದಿನ ಗುಡಿಯಲ್ಲಿ ಚಿತ್ರ ಬಿಚ್ಚಿದರು. ಮಸಿಯ ನಾಲ್ಕು ಗೆರೆಯಲ್ಲಿ ಒಂದು ಬಾಗಿಲು, ಒಂದು ಹೊಸ್ತಿಲು. ಉಳಿದ ಕಾಗದವೆಲ್ಲ ಖಾಲಿ. ಆ ಖಾಲಿಯ ಮೇಲೆ, ಹೊರಗಿನಿಂದ ಒಳಕ್ಕೆ, ಒಬ್ಬ ಹುಡುಗನ ಉದ್ದನೆಯ ನೆರಳು, ಎಣ್ಣೆ ಬಣ್ಣದಲ್ಲಿ. ಹುಡುಗ ಎಲ್ಲೂ ಇಲ್ಲ.

ಕಿಹಾಚಿ ಹತ್ತಿರ ಹೋಗಿ ಕಾಲು ಹುಡುಕಿದನಂತೆ. ಕಾಲಿರಲಿಲ್ಲ. ಪದ್ಧತಿ ನಡೆದಂತಾಯಿತು, ದೋಣಿ ಇಳಿಸಿ ಅಂದ. ತೊಮೆಯೂ ನೋಡಿದಳು. ಸತ್ತವರ ನೆರಳು ಬೀಳುವುದಿಲ್ಲ ಅಂತ ಆ ಊರಿನ ಕೂಸಿಗೂ ಗೊತ್ತು. ಅವಳು ಕಣ್ಣೊರೆಸಿಕೊಂಡು ಮನೆಗೆ ಹೋದಳು. ಇದೇನಿದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು ಅಂತ ಕೆಲವರು ಆಡಿಕೊಂಡರಂತೆ. ಆಡಿಕೊಳ್ಳಲಿ ಬಿಡಿ. ಎರಡು ಕಡೆಯೂ ಕತ್ತಲಿದ್ದಾಗ ದೀಪ ಇನ್ನೆಲ್ಲಿಡುತ್ತಾರೆ?

ತೊಮೆ ಮುಪ್ಪಾಗಿ ಹಾಸಿಗೆ ಹಿಡಿದಾಗ ಮಿಸಾವೊಳನ್ನು ಕರೆಸಿಕೊಂಡು, ಆ ಚಿತ್ರದಲ್ಲಿ ಅವನು ಮನೆಗೆ ಬರುತ್ತಿದ್ದಾನೋ, ಹೊರಟು ನಿಂತಿದ್ದಾನೋ, ನಿಜ ಹೇಳು ಅಂತ ಕೇಳಿದಳಂತೆ. "ನನಗೂ ಗೊತ್ತಿಲ್ಲಮ್ಮ. ಗೊತ್ತಿದ್ದಷ್ಟು ಬರೆದೆ," ಅಂದಳಂತೆ ಮಿಸಾವೊ. ತೊಮೆ ಅವಳ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಆ ಚಿತ್ರ ಹುಳ ತಿಂದು ಹೋಯಿತು ಅನ್ನುತ್ತಾರೆ, ಬೆಂಕಿಗೆ ಹೋಯಿತು ಅನ್ನುವವರೂ ಇದ್ದಾರೆ. ಆದರೆ ಉರಾನೊದ ಜನ ಇವತ್ತಿಗೂ ಮಿಸಾವೊ ಹೆಸರಲ್ಲಿ ಒಂದು ನೇಮ ಪಾಲಿಸುತ್ತಾರಂತೆ. ಕಡಲಿಗೆ ಹೋದವನ ಸುದ್ದಿ ಬಾರದ ಮನೆಗೆ ಯಾರೂ ನೇರವಾಗಿ ಹೋಗಿ ಬಾಗಿಲಲ್ಲಿ ನಿಲ್ಲುವುದಿಲ್ಲ. ಬಿಸಿಲಿದ್ದರಂತೂ ಅಂಗಳದಾಚೆಯೇ ನಿಂತು, ಮೊದಲು ತಮ್ಮ ಹೆಸರು ಕೂಗಿ ಹೇಳುತ್ತಾರೆ. ನಾನಮ್ಮ, ಇಂಥವನು, ಬೇರೆ ಯಾರೂ ಅಲ್ಲ ಅಂತ. ಒಳಗಿನಿಂದ ತಾಯಿ ಬಾ ಅಂದ ಮೇಲೆಯೇ ಅವರ ನೆರಳು ಹೊಸ್ತಿಲು ದಾಟುತ್ತದೆ.