ಕಂಚುಗಾರ ತಿರುಗಿಸಿದ ಡಬ್ಬ

"ಅಜ್ಜಾರೆ, ನನ್ನ ಹೆಂಡತಿಯ ದುಃಖ ಕಳೆಯಲು ನಾನು ಇನ್ನೇನು ಮಾಡಲಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಮುರಿಗೆಪ್ಪ, ಅವರ ಗೃಹಸ್ಥ ಶಿಷ್ಯ. ಹೆಂಡತಿಯ ಹಡೆದವ್ವ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಅಂದಿನಿಂದ ಅವಳನ್ನು ಗಳಿಗೆಯೂ ಒಂಟಿಯಾಗಿ ಬಿಟ್ಟಿಲ್ಲ ಎಂದ. ನಿಂತರೆ ಸಮಾಧಾನ ಹೇಳುತ್ತೇನೆ, ಕೂತರೆ ನಗಿಸಲು ನೋಡುತ್ತೇನೆ, ಕಣ್ಣು ತುಂಬಿತೆಂದರೆ ಮಾತು ಬದಲಿಸುತ್ತೇನೆ, ಆದರೂ ಅವಳ ಮುಖ ತಿಳಿಯಾಗಲಿಲ್ಲ ಎಂದ. ಮಠಕ್ಕಾದರೂ ಹೋಗಿ ಬನ್ನಿ ಎಂದು ಇವತ್ತು ಅವಳೇ ದೂಡಿ ಕಳಿಸಿದ್ದಳು.

ಗುರುಗಳು ನಕ್ಕರು. ನಗು ಅವರಿಗೆ ಬೇಗ ಬರುತ್ತಿತ್ತು, ಸಿಟ್ಟೂ ಅಷ್ಟೇ ಬೇಗ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಗದರಿಸಿ ಶುರು ಮಾಡಿದರು.

ಒಬ್ಬ ಕಂಚುಗಾರನಿದ್ದ. ತೂಗುದೀಪದ ಸರಪಳಿಗೆ ಹಿತ್ತಾಳೆಯ ಸಣ್ಣ ಸಣ್ಣ ಕೊಂಡಿಗಳನ್ನು ಮಾಡುತ್ತಿದ್ದ. ಬೆಂಕಿಯಿಂದ ತೆಗೆದ ಕೊಂಡಿ ಕಪ್ಪಗಿರುತ್ತದೆ. ಅದನ್ನು ಮರಳು, ಹುಣಸೆಹಣ್ಣು ಹಾಕಿ ಬೆಳಗುವುದು ಹೆಂಡತಿಯ ಪಾಲು. ಉಜ್ಜಿ ಉಜ್ಜಿ ಅವಳ ಬೆರಳು ಬಿರುಕು ಬಿಟ್ಟವು. ಸಾರನ್ನ ಕಲಸಿದರೆ ಖಾರ ತಾಗಿ ಉರಿಯುತ್ತಿತ್ತು. ಒಂದು ದಿನ ಅವಳು ಗಂಡನಿಗೆ ಬೆನ್ನು ಮಾಡಿ ಕೂತು ಬರೀ ಹಾಲನ್ನ ಉಣ್ಣುವುದನ್ನು ಅವನು ಕಂಡ. ಬಲು ಪ್ರೀತಿ ಅವನಿಗೆ ಅವಳ ಮೇಲೆ. ಪ್ರೀತಿ ಇದ್ದವನು ಸುಮ್ಮನೆ ಕೂರುತ್ತಾನೆಯೇ?

ಹಳೆಯ ಎಣ್ಣೆ ಡಬ್ಬ ಹುಡುಕಿದ. ಅದಕ್ಕೆ ಕಬ್ಬಿಣದ ಸರಳನ್ನು ಬಿಗಿಯಾಗಿ ತೂರಿಸಿ, ತುದಿ ಬಗ್ಗಿಸಿ ಹಿಡಿಕೆ ಮಾಡಿ, ಎರಡು ಕವೆಗೋಲಿನ ಮೇಲೆ ಕೂರಿಸಿದ. ಮರಳು, ಭತ್ತದ ಹೊಟ್ಟು, ಅಂಟುವಾಳದ ಪುಡಿ ತಂದ. ಇನ್ನು ಡಬ್ಬ ತಿರುಗಿಸಿಯೇ ಬೆಳಗಬೇಕು, ಒಂದು ಕೊಂಡಿಯನ್ನೂ ಅವಳು ಮುಟ್ಟಬಾರದು ಎಂದು ಮನೆಯಲ್ಲಿದ್ದ ಕೊಂಡಿಗಳನ್ನೆಲ್ಲ ಒಳಗೆ ಸುರಿದ. ಕಂಚುಗಾರರದು ಒಂದು ರೂಢಿ ಇದೆ ನೋಡು. ಸಂತೆಗೆ ಸರಕು ಒಯ್ಯುವಾಗ ಒಂದಕ್ಕೊಂದು ತಾಗಿ ಗೀರು ಬೀಳಬಾರದೆಂದು ಸಂದುಗೊಂದಿಗೆಲ್ಲ ಹುಲ್ಲು ತುರುಕಿ ಅಲುಗದ ಹಾಗೆ ಕಟ್ಟುತ್ತಾರೆ. ಇಲ್ಲಿಯೂ ಅವನ ಕೈ ಕಲಿತದ್ದನ್ನೇ ಮಾಡಿತು. ಹೊಟ್ಟನ್ನು ಒತ್ತಿ ಒತ್ತಿ ಕಂಠಮಟ್ಟ ತುಂಬಿ ಮುಚ್ಚಳ ಬಡಿದ.

ಬೆಳಿಗ್ಗೆಯಿಂದ ತಿರುಗಿಸಿದ. ಒಳಗಿನಿಂದ ಸದ್ದೇ ಇಲ್ಲ. ಎಷ್ಟು ನಯವಾಗಿ ಕೆಲಸ ನಡೆದಿದೆ ಎಂದು ಹಿಗ್ಗಿದ, ಮಂಕು. ಮಧ್ಯಾಹ್ನ ತೆರೆದರೆ ಕೊಂಡಿಗಳು ಒಳಗೆ ಹೋದ ಕಪ್ಪು ಬಣ್ಣದಲ್ಲೇ ಹೊರಬಂದವು. ಹೊಟ್ಟು ಸಾಲದೇನೋ ಎಂದು ಇನ್ನಷ್ಟು ತುರುಕಿ ಮತ್ತೆ ತಿರುಗಿಸಿದ. ರಟ್ಟೆ ಬಿದ್ದುಹೋಯಿತೇ ಹೊರತು ಕೊಂಡಿ ಬೆಳಗಲಿಲ್ಲ. ನಿನ್ನ ಕೈ ಉಳಿಸುವುದು ನನ್ನ ಕೈಲಾಗಲಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಅತ್ತೇಬಿಟ್ಟ.

ಅವಳು ಡಬ್ಬಕ್ಕೆ ಬಗ್ಗಿ ನೋಡಿ ನಕ್ಕಳು. "ಪಾತ್ರೆಯ ಅಂಚಿನ ತನಕ ಅಕ್ಕಿ ತುಂಬಿಕೊಂಡು ಯಾರಾದರೂ ತೊಳೆಯುತ್ತಾರೇನ್ರೀ? ಅದು ಹೊರಳುವುದೆಲ್ಲಿ?" ಎಂದಳು.

ಅರ್ಧಕ್ಕರ್ಧ ತೆಗೆದು ಮೊರಕ್ಕೆ ಸುರಿದಳು. ಅವನು ತಿರುಗಿಸಿದ. ಡಬ್ಬ ಗಲಗಲ ಎಂದಿತು. ಗೀರು ಬಿದ್ದೀತೆಂದು ಅವನು ಹೆದರಿ ಕೈ ತೆಗೆದ. ತಿಕ್ಕಾಡಿಕೊಳ್ಳಲಿ ಬಿಡಿ, ತಿರುಗಿಸಿ ಎಂದಳು. ಸಂಜೆಗೆ ಕೊಂಡಿಗಳು ಹಳದಿಯಾಗಿ ಹೊಳೆಯುತ್ತ ಹೊರಬಂದವು. ದಿನ ಕಳೆದಂತೆ ಅವಳ ಬೆರಳಿನ ಬಿರುಕುಗಳೂ ಮಾಯ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಕತೆ ಬಹಳ ಹಿಡಿಸಿತು. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದ.

"ಅವಳು ಒಬ್ಬಳೇ ಇದ್ದಾಳೆ ಅಜ್ಜಾರೆ. ಈಗಲೇ ಹೋಗಿ ಈ ಕತೆ ಹೇಳಿ ನಗಿಸುತ್ತೇನೆ."

ಗುರುಗಳು ವಸ್ತ್ರದ ಚುಂಗು ಹಿಡಿದು ಅವನನ್ನು ಮತ್ತೆ ಕೂರಿಸಿದರು.

"ಹೊತ್ತು ಮುಳುಗುವ ತನಕ ಇಲ್ಲೇ ಇರು ತಮ್ಮಾ, ಇವತ್ತೊಂದು ದಿನ ಆ ಮಗಳು ತನ್ನ ಅವ್ವನನ್ನು ನೆನೆದು ಅಳಲಿ."