ಕಡಾಣಿಗುಡ್ಡ

ತುಂಬರಹಾಳಿನ ಪಡುವಲಿಗೆ, ಹತ್ತಿಹೊಲಗಳ ನಡುವೆ ಒಂಟಿಯಾಗಿ ನಿಂತಿರುವ ಬೋಳುಬಂಡೆಯ ಗುಡ್ಡಕ್ಕೆ ಕಡಾಣಿಗುಡ್ಡ ಎನ್ನುತ್ತಾರೆ. ಗಾಲಿ ಅಚ್ಚಿನಿಂದ ಕಳಚದಂತೆ ಹಾಕುವ ಕೀಲೇ ಕಡಾಣಿ. ಗಾಡಿಯೇ ಹತ್ತದ ಗುಡ್ಡಕ್ಕೆ ಅದೆಂಥ ಹೆಸರು ಎಂದು ಹೊಸಬರು ನಗುತ್ತಾರೆ. ನಗಲಿ ಪಾಪ, ಅವರಿಗೇನು ಗೊತ್ತು!

ಹಿಂದೆ ಒಮ್ಮೆ, ಈಗಿನವರ ತಾತಂದಿರು ಪ್ರಾಯದಲ್ಲಿದ್ದಾಗ, ಹತ್ತಿಗೆ ಹುಳು ಬಿದ್ದು, ಔಷಧಿ ಸಿಂಪಡಿಸಲು ಪುಟ್ಟದೊಂದು ವಿಮಾನ ಬಂದಿತ್ತಂತೆ. ನಡೆಸುವವನು ಕೊಡಗಿನ ಚೆಂಗಪ್ಪ. ಮೂರನೆಯ ದಿನ ಅದರ ಬಾಲದ ಕೀಲು ಮುರಿಯಿತು. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಜ್ವರದಿಂದ ಮಲಗಿದ್ದ. ಊರ ಕಮ್ಮಾರ ಈರಾಚಾರಿಗೆ ಕರೆ ಹೋಯಿತು. ಅವನ ಕೆಲಸವನ್ನು ಸುತ್ತಲಿನ ಹಳ್ಳಿಗಳೆಲ್ಲ ಕಣ್ಣುಮುಚ್ಚಿ ನಂಬುತ್ತಿದ್ದವು. ಅವನ ಮನೆತನದಲ್ಲಿ ಒಂದು ಪದ್ಧತಿ: ಹೊಸ ಕಡಾಣಿಯನ್ನು ಮೊದಲು ಸಡಿಲವಾಗಿಯೇ ಬಿಡುವುದು, ಆಚಾರಿಯೇ ಗಾಡಿ ಹತ್ತಿ ಒಂದು ಸುತ್ತು ಹೋಗಿಬಂದು, ಕೀಲು ಜಾಗ ಹಿಡಿದ ಮೇಲೆ ತುದಿ ಬಾಗಿಸಿ ಬಿಗಿಯುವುದು. ವಿಮಾನದ ಹೊಸ ಕೀಲನ್ನೂ ಹಾಗೆಯೇ ಸಡಿಲವಾಗಿ ಬಿಟ್ಟ. ಮೊದಲ ಸುತ್ತು ನೆಲದ ಮೇಲೇ ಎಂದು ಬಾಯಿಬಿಟ್ಟು ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಅದು ಊರಿನ ಮಗುವಿಗೂ ಗೊತ್ತಿದ್ದ ಮಾತು. ಚೆಂಗಪ್ಪನಿಗೆ ಗೊತ್ತಿರಲಿಲ್ಲ. ಈರಾಚಾರಿ ಸುತ್ತಿಗೆ ಹಿಡಿದು ಕೂಗುತ್ತ ಓಡುವಷ್ಟರಲ್ಲಿ ವಿಮಾನ ಮೇಲೆದ್ದಾಗಿತ್ತು.

ಮುಗಿಲಲ್ಲಿ ಕೀಲು ಕಳಚಿಬಿದ್ದು ಬಾಲ ಸಡಿಲಿ, ವಿಮಾನ ಕಳೆ ಕೀಳುತ್ತಿದ್ದ ಹೆಂಗಸರ ಮೇಲೆಯೇ ಇಳಿಯತೊಡಗಿತು. ಆಗ ಚೆಂಗಪ್ಪ ಒಂದು ರೆಕ್ಕೆ ಎತ್ತಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಗುಡ್ಡದತ್ತ ಹೊರಳಿಸಿದನಂತೆ. ಅಬ್ಬಾ, ಆ ಸದ್ದಿಗೆ ಊರೇ ನಡುಗಿತು. ಅವನ ಕಾಲು ಮುರಿಯಿತು, ಜೀವ ಉಳಿಯಿತು.

ತನಿಖೆಗೆ ಬಂದವರು ತಪ್ಪೆಲ್ಲ ಚೆಂಗಪ್ಪನ ಹಾರಾಟದ್ದೇ ಎಂದರು. ಇನ್ನು ಅವನು ವಿಮಾನ ಮುಟ್ಟುವಂತಿರಲಿಲ್ಲ. ಬಿದ್ದ ಕೀಲು ಯಾರಿಗೂ ಸಿಕ್ಕಿರಲಿಲ್ಲ. ಸುಮ್ಮನಿದ್ದಿದ್ದರೆ ಈರಾಚಾರಿಯ ಹೆಸರು ಉಳಿಯುತ್ತಿತ್ತು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಎಷ್ಟು ಹೊತ್ತು ಕೂತಾನು? ಊರವರೆಲ್ಲರ ಎದುರು ತನಿಖೆಯವರ ಮುಂದೆ ಬಂದು ನಿಂತ.

"ಕೀಲು ಬಿಗಿಯದೆ ಬಿಟ್ಟವನು ನಾನು, ಸ್ವಾಮಿ. ಅವರು ನಮ್ಮ ಹೆಣ್ಣುಮಕ್ಕಳನ್ನು ಉಳಿಸಿದರು."

ಚೆಂಗಪ್ಪ ಪಾರಾದ. ಆದರೆ ಅಂದಿನಿಂದ ಒಂದು ಗಾಡಿಯೂ ಈರಾಚಾರಿಯ ಕುಲುಮೆಯತ್ತ ತಿರುಗಲಿಲ್ಲ.

ಮರುವರ್ಷ ಹೊಸ ವಿಮಾನ ತಂದ ಚೆಂಗಪ್ಪ, ಕುಂಟುತ್ತ ನೇರವಾಗಿ ಕುಲುಮೆಗೇ ಬಂದ. "ಬಾಲದ ಕೀಲು ನೀನೇ ಬಿಗಿ, ಆಚಾರಿ. ಮೊದಲ ಸುತ್ತಿಗೆ ನನ್ನ ಜೊತೆ ಕೂರು" ಎಂದ. ಊರಿಗೆ ಊರೇ ಬಾಯಿಬಿಟ್ಟು ನೋಡುತ್ತಿರಲು ಈರಾಚಾರಿ ಮುಗಿಲಿಗೇರಿದ. ಕೆಳಗೆ ತನ್ನೂರು ಅಂಗೈಯಗಲ ಕಂಡಾಗ ಕೈ ಮುಗಿದು ಅತ್ತನಂತೆ. ಇಳಿದವನು ಸುತ್ತಿಗೆ, ಕಡಾಣಿ ಹಿಡಿದು ಗುಡ್ಡ ಹತ್ತಿದ.

ವಿಮಾನ ಬಡಿದ ಬಂಡೆಯಲ್ಲಿ ಅಂದು ಅವನು ಹೊಡೆದ ಮೊಳದುದ್ದದ ಕಡಾಣಿ ಇಂದಿಗೂ ಇದೆ. ಹೊಸ ಗಾಡಿ, ಹೊಸ ಟ್ರ್ಯಾಕ್ಟರ್ ಕೊಂಡವರು ಮೊದಲು ಇಲ್ಲಿಗೆ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಇಲ್ಲಿಯವರೆಗೆ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.